ಪೇಷೆಂಟ್ ಕಡೆಯವರು

ಆ ವರ್ಷ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಎರಡು ವಿನ್ಯಾಸ ಸ್ಪರ್ಧೆಗಳ ಪ್ರಕಟಣೆ ಒಟ್ಟಿಗೇ ಬಂದಿದ್ದವು. ಒಂದು ಹೋಟೆಲಿನ ಲಾಬಿ, ಇನ್ನೊಂದು ಇಪ್ಪತ್ತು ಹಾಸಿಗೆಗಳ ಮಾನಸಿಕ ಆರೋಗ್ಯ ಘಟಕ. ಇಂಟೀರಿಯರ್ ಡಿಸೈನ್ ಕೊನೆಯ ವರ್ಷದಲ್ಲಿದ್ದ ನಮ್ಮ ತರಗತಿಯ ಹೆಚ್ಚಿನವರು ಲಾಬಿಯ ಕಡೆಗೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ಲಾಬಿಯಲ್ಲಿ ಕೈಚಳಕ ತೋರಿಸಲು ಅವಕಾಶ ಹೆಚ್ಚು, ಕೆಲಸ ಕೊಡುವವರು ನೋಡುವುದೂ ಅಂಥ ಚಿತ್ರಗಳನ್ನೇ. ಆಸ್ಪತ್ರೆಯ ಸ್ಪರ್ಧೆಗೆ ಹೆಸರು ಕೊಟ್ಟವರು ನಾವು ಮೂವರೇ: ನಾನು, ಮಂಗಳೂರಿನ ಒಬ್ಬ ಗೆಳತಿ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಒಬ್ಬ ಸಹಪಾಠಿ. ಇದು 2018ರ ಮಾತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದೇ ವರ್ಷದ ಮೇ 29ರಂದು ಜಾರಿಗೆ ಬಂದಿತ್ತು. ಸ್ಪರ್ಧೆಯ ಕಾಗದದಲ್ಲೂ ಅದರ ಪ್ರಸ್ತಾಪವಿತ್ತು.

ಕಾಗದದ ಜೊತೆ ಒಂದು ಖಾಲಿ ಮಹಡಿಯ ನಕ್ಷೆ ಕೊಟ್ಟಿದ್ದರು. ಕಂಬ, ಹೊರಗೋಡೆ, ಮೆಟ್ಟಿಲು, ಲಿಫ್ಟ್, ಅಷ್ಟೇ. ಒಳಗೆ ಏನೇನು ಬರಬೇಕು ಎಂಬ ಪಟ್ಟಿ ಬೇರೆ ಹಾಳೆಯಲ್ಲಿತ್ತು. ದಾಖಲಾತಿ ಕೋಣೆ, ರೋಗಿಗಳ ಕೋಣೆ, ನರ್ಸಿಂಗ್ ಸ್ಟೇಷನ್, ಕೌನ್ಸೆಲಿಂಗ್ ಕೋಣೆ, ಗುಂಪು ಚಿಕಿತ್ಸೆಯ ಕೋಣೆ, ಊಟದ ಜಾಗ, ಹೊರಗೆ ಓಡಾಡಲು ಒಂದಿಷ್ಟು ಬಯಲು. ಸಿಬ್ಬಂದಿ ಟೀ ಕುಡಿಯುವ ಕೋಣೆಯನ್ನೂ ಮರೆತಿರಲಿಲ್ಲ. ಸಂಜೆ ಒಂದು ತಾಸು ಬಂದು ಮಾತಾಡಿಸಿ ಹೋಗುವವರಿಗೆ ವಿಸಿಟರ್ಸ್ ರೂಮ್ ಇತ್ತು. ರಾತ್ರಿ ರೋಗಿಯ ಜೊತೆಯಲ್ಲಿ ಉಳಿಯುವವರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಮ್ಮ ನಾಡಿನ ಯಾವ ಆಸ್ಪತ್ರೆಯಲ್ಲಾದರೂ ನರ್ಸ್ ಬಾಗಿಲಿಗೆ ಬಂದು ಮೊದಲು ಕೂಗುವುದು ‘ಪೇಷೆಂಟ್ ಕಡೆಯವರು ಯಾರು?’ ಎಂದು. ಔಷಧ ತರುವವರು, ರಕ್ತ ಪರೀಕ್ಷೆಯ ಚೀಟಿ ಹಿಡಿದು ಓಡುವವರು, ಊಟ ಮಾಡಿಸುವವರು, ಸಹಿ ಹಾಕುವವರು ಎಲ್ಲ ಅವರೇ. ನಕ್ಷೆಯಲ್ಲಿ ಅವರಿಗೆ ಜಾಗ ಇರಲಿಲ್ಲ.

ನನಗೆ ಇದು ತಟ್ಟನೆ ಕಣ್ಣಿಗೆ ಬಿದ್ದದ್ದಕ್ಕೆ ಕಾರಣವಿದೆ. ನಮ್ಮದು ಹಾವೇರಿ ಕಡೆಯ ಊರು. ಯಾರಾದರೂ ತಿಕ್ಕಲು ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡು’ ಎಂದು ನಗುವುದು ನಮ್ಮ ಕಡೆ ಮಾಮೂಲು, ಅಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಇರುವುದರಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬಂತು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅವಳನ್ನು ಸೇರಿಸಿದ್ದು ಧಾರವಾಡಕ್ಕಲ್ಲ, ಬೇರೆ ಊರಿನ ಆಸ್ಪತ್ರೆಗೆ. ಅಲ್ಲಿನ ಡಾಕ್ಟರು ಒಳ್ಳೆಯವರು, ಔಷಧ ಹಿಡಿಯಿತು, ಅತ್ತೆ ಪೂರ್ತಿ ಗುಣವಾದಳು. ಅವಳ ಜೊತೆಗಿದ್ದವಳು ನಮ್ಮಜ್ಜಿ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು, ಮಗಳ ಸೆರಗಿನ ತುದಿಯನ್ನು ತನ್ನ ಮುಂಗೈಗೆ ಒಂದು ಸುತ್ತು ಸುತ್ತಿಕೊಂಡು ಮಲಗುತ್ತಿದ್ದಳು. ಮಗಳು ಎದ್ದರೆ ಸೆರಗು ಎಳೆಯಬೇಕು, ತನಗೆ ಎಚ್ಚರವಾಗಬೇಕು ಎಂದು. ಅಪ್ಪನ ಜೊತೆ ನಾನು ಬುತ್ತಿ ಕೊಡಲು ಹೋದಾಗ ಅಜ್ಜಿಯ ಕಣ್ಣುಗಳು ಅತ್ತೆಯ ಕಣ್ಣುಗಳಿಗಿಂತ ಹೆಚ್ಚು ಗುಳಿಬಿದ್ದಿದ್ದವು.

ನಮ್ಮ ಗೈಡ್ ಆಗಿದ್ದ ಮೇಡಂ ಮೊದಲು ಓದಲು ಕೊಟ್ಟದ್ದು ಅಮೆರಿಕದ ಜೇಮ್ಸ್ ಹಂಟ್ ಮತ್ತು ಡೇವಿಡ್ ಸೈನ್ ಸಿದ್ಧಪಡಿಸಿದ ಒಂದು ಮಾರ್ಗದರ್ಶಿ. ಅಲ್ಲಿ ಇಂಥ ಆಸ್ಪತ್ರೆ ಕಟ್ಟುವವರೆಲ್ಲ ಬಳಸುವ ಪುಸ್ತಕ ಅದು. ಘಟಕದ ಜಾಗಗಳನ್ನು ಅಪಾಯದ ಲೆಕ್ಕದಲ್ಲಿ ಐದು ಹಂತಗಳಾಗಿ ಬಿಡಿಸಿ ಇಟ್ಟಿದ್ದಾರೆ. ಸಿಬ್ಬಂದಿ ಮಾತ್ರ ಹೋಗುವ ಜಾಗ ಮೊದಲನೆಯದು. ಕಾರಿಡಾರಿನ ಹಾಗೆ ಸದಾ ಯಾರಾದರೂ ಕಣ್ಣಿಟ್ಟಿರುವ ಜಾಗ ಎರಡನೆಯದು. ಎಲ್ಲರೂ ಸೇರಿ ಕೂರುವ ಹಾಲ್ ಮೂರನೆಯದು. ರೋಗಿ ಒಬ್ಬರೇ ಹೆಚ್ಚು ಹೊತ್ತು ಇರುವ ಮಲಗುವ ಕೋಣೆ, ಬಚ್ಚಲು ನಾಲ್ಕನೆಯದು. ಆಗಷ್ಟೇ ಬಂದ, ಯಾರಿಗೂ ಇನ್ನೂ ಗುರುತಿಲ್ಲದ ರೋಗಿಯನ್ನು ಕೂರಿಸಿ ನೋಡುವ ದಾಖಲಾತಿ ಕೋಣೆ ಐದನೆಯದು. ಹಂತ ಏರಿದಂತೆ ಕೋಣೆಯ ಪ್ರತಿ ಸಾಮಾನೂ ಬದಲಾಗುತ್ತದೆ. ಬಾಗಿಲ ಹಿಡಿಕೆ ಕೆಳಮುಖವಾಗಿ ಇಳಿಜಾರಾಗುತ್ತದೆ. ಬೀರುವಿನ ತಲೆಯೂ ಇಳಿಜಾರು. ಪರದೆಯ ಕಂಬಿ ಸ್ವಲ್ಪ ಭಾರ ಬಿದ್ದರೂ ಕಳಚಿಕೊಳ್ಳಬೇಕು. ಗಾಜಿನ ಬದಲು ಪಾಲಿಕಾರ್ಬೊನೇಟ್. ಸ್ಕ್ರೂಗಳು ಮನೆಯ ಸ್ಕ್ರೂಡ್ರೈವರಿಗೆ ಬಗ್ಗಬಾರದು. ಒಳಗಿನಿಂದ ಯಾರೂ ಅಡ್ಡ ಒಡ್ಡದಂತೆ ಕೋಣೆಯ ಬಾಗಿಲು ಹೊರಕ್ಕೆ ತೆರೆಯಬೇಕು. ಓದುತ್ತ ಹೋದಂತೆ ನನಗೆ ಈ ವೃತ್ತಿಯ ಮೇಲಿನ ಗೌರವ ಹೆಚ್ಚಾಯಿತು. ಎಲ್ಲೋ ಕೂತ ಯಾರೋ ಇಬ್ಬರು, ಗುರುತು ಪರಿಚಯ ಇಲ್ಲದವರ ಜೀವ ಉಳಿಯಲಿ ಎಂದು ಒಂದೊಂದು ಕೊಕ್ಕೆಯನ್ನೂ ಒಂದೊಂದು ಕೀಲನ್ನೂ ಹಿಡಿದು ಯೋಚಿಸಿದ್ದರು.

ಆದರೆ ಆ ಪುಸ್ತಕದ ಕೋಣೆಯಲ್ಲಿ ರೋಗಿ ಒಂಟಿ. ನಮ್ಮ ಕೋಣೆಯಲ್ಲಿ ಇಬ್ಬರು. ಈ ಇಬ್ಬರ ಕೋಣೆಯನ್ನು ಯಾವ ಹಂತಕ್ಕೆ ಸೇರಿಸಬೇಕು? ಮೇಡಂ ಹತ್ತಿರ ಕೇಳಿದೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. ‘ಇದೇ ನಿಮ್ಮ ಪ್ರಾಜೆಕ್ಟು ಕಣ್ರಪ್ಪ, ಇದನ್ನ ಬಿಡಬೇಡಿ’ ಎಂದರು.

ಮನೆಯವರನ್ನು ರೋಗಿಯ ಜೊತೆ ಉಳಿಸಿಕೊಳ್ಳುವುದು ನಮ್ಮಲ್ಲಿ ಬರೀ ನರ್ಸುಗಳ ಕೊರತೆಯಿಂದ ಬಂದದ್ದು ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಇರಿಸಿಕೊಂಡರು. ಆ ಕಾಲದಲ್ಲಿ ಜನ ರೋಗಿಯನ್ನು ಬಿಟ್ಟು ಹೋದರೆ ತಿರುಗಿ ನೋಡದೆ ಇರುವುದೇ ಹೆಚ್ಚು. ಇವರ ಡೇರೆಗಳಲ್ಲಿ ಇದ್ದವರು ಕಾಯಿಲೆ ಏನೆಂದು ಕಣ್ಣಾರೆ ಕಂಡರು, ಆರೈಕೆ ಕಲಿತರು, ಗುಣವಾದವರನ್ನು ಕರೆದುಕೊಂಡು ಊರಿಗೆ ಹೋದರು. ವೆಲ್ಲೂರಿನ ಸಿಎಂಸಿಯ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಮನೆಯವರು ಜೊತೆಗಿರುವ ಪದ್ಧತಿ ಬೆಳೆಯಿತು. ನಮ್ಮ ನಿಮ್ಹಾನ್ಸ್‌ನಲ್ಲಿ ಫ್ಯಾಮಿಲಿ ವಾರ್ಡ್ ಎಂದೇ ಇದೆ. 1847ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾಗಿ, 1925ರಲ್ಲಿ ಮೈಸೂರು ಸರ್ಕಾರದಿಂದ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆದು, 1974ರಲ್ಲಿ ಈಗಿನ ರೂಪಕ್ಕೆ ಬಂದ ಸಂಸ್ಥೆ ಅದು. ಮನೆಯವರ ಇರುವಿಕೆಯೂ ಚಿಕಿತ್ಸೆಯ ಒಂದು ಭಾಗ ಎಂದು ನಮ್ಮ ದೇಶದ ವೈದ್ಯರು ಅರುವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಕಟ್ಟಡದ ನಕ್ಷೆ ಬರೆಯುವ ನಮ್ಮಂಥವರಿಗೆ ಅದು ಇನ್ನೂ ತಲುಪಿರಲಿಲ್ಲ.

ವಾರ್ಡಿನ ಒಳಗೆ ವಿದ್ಯಾರ್ಥಿಗಳನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ನಮಗೆ ಅನುಮತಿ ಸಿಕ್ಕಿದ್ದು ಒಂದು ಆಸ್ಪತ್ರೆಯ ಹೊರರೋಗಿ ವಿಭಾಗ ಮತ್ತು ಅಂಗಳಕ್ಕೆ ಮಾತ್ರ. ಮರದ ಕೆಳಗೆ ಕೂತಿದ್ದ ರೋಗಿಗಳ ಕಡೆಯವರ ಜೊತೆ ನಾವೂ ಕೂತೆವು. ಅವರ ಹತ್ತಿರ ಏನೇನಿದೆ ಎಂದು ಮಂಗಳೂರಿನ ಗೆಳತಿ ಸ್ಕೆಚ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಚಾಪೆ, ಹೊದಿಕೆ, ಸ್ಟೀಲ್ ಡಬ್ಬಿ, ಫ್ಲಾಸ್ಕ್, ರೊಟ್ಟಿ ಕಟ್ಟಿದ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಫೈಲು, ಆಧಾರ್ ಕಾರ್ಡಿನ ಜೆರಾಕ್ಸ್, ಮೊಬೈಲ್, ಚಾರ್ಜರ್. ಒಂದು ಸಂಸಾರ ಒಂದು ಚೀಲದಲ್ಲಿ ಬಂದಿತ್ತು. ಈ ಸಾಮಾನೆಲ್ಲ ರಾತ್ರಿ ಮಂಚದ ಕೆಳಗೆ ಹೋಗುತ್ತದೆ, ಬೆಳಿಗ್ಗೆ ಗುಡಿಸುವವರು ಬಂದಾಗ ಹೊರಗೆ ಬರುತ್ತದೆ. ಚಾರ್ಜರ್ ಮಾತ್ರ ಒಳಗೆ ಬಿಡುವುದಿಲ್ಲವಂತೆ, ವಾರ್ಡಿನಲ್ಲಿ ಉದ್ದನೆಯ ವೈರು ಇರುವಂತಿಲ್ಲ ಎಂದು. ಹಾಗಾಗಿ ಫೋನಿನ ಚಾರ್ಜು ಮುಗಿದರೆ ಊರಿನಲ್ಲಿ ಬಿಟ್ಟು ಬಂದ ಮಕ್ಕಳ ಜೊತೆ ಮಾತಿಲ್ಲ. ನರ್ಸಿಂಗ್ ಸ್ಟೇಷನ್ನಿನ ಪಕ್ಕದ ಗೋಡೆಯಲ್ಲಿ ಬೀಗ ಹಾಕುವ ಸಣ್ಣ ಸಣ್ಣ ಗೂಡುಗಳು, ಪ್ರತಿ ಗೂಡಿನೊಳಗೆ ಒಂದು ಪ್ಲಗ್ ಪಾಯಿಂಟು: ನಮ್ಮ ನಕ್ಷೆಯಲ್ಲಿ ಮೊದಲು ಬರೆದದ್ದು ಅದನ್ನೇ.

ಬಾಗಲಕೋಟೆ ಕಡೆಯ ಒಬ್ಬ ಹೆಂಗಸು ತನ್ನ ತಮ್ಮನ ಜೊತೆ ಬಂದಿದ್ದಳು. ನಮ್ಮ ಭಾಷೆ ಒಂದೇ ಆದದ್ದರಿಂದ ನನ್ನ ಹತ್ತಿರ ಸಲೀಸಾಗಿ ಮಾತಾಡಿದಳು. ಏನು ಬೇಕು ಅಕ್ಕಾ ನಿಮಗೆ, ನಾವು ನಕ್ಷೆ ಬರೆಯುವವರು ಎಂದಾಗ ಅವಳು ಹೇಳಿದ್ದು ಇಷ್ಟು: ‘ನೀ ಏನರ ಕಟ್ಟವ್ವಾ, ಬೆನ್ನ ಹಚ್ಚಾಕ ಒಂದ್ ಗ್ವಾಡಿ ಇರ್ಲಿ. ರಾತ್ರಿ ಕುಂತ ಕುಂತ ಸೊಂಟ ಹೋತು.’ ಮಲಗುವುದಿಲ್ಲವೇ ಎಂದರೆ, ‘ಮಕ್ಕೊಂಡ್ರ ಅಂವ ಎದ್ದ ಹೋಗ್ತಾನ’ ಎಂದಳು. ಗೋಡೆ ಯಾಕಿಲ್ಲ ಎಂದು ಕೇಳಿದೆ. ಮಂಚಗಳು ಗೋಡೆಗೆ ತಗುಲಿಕೊಂಡಿವೆ, ಚಾಪೆ ಬೀಳುವುದು ಮಂಚಗಳ ನಡುವೆ. ಇದನ್ನು ಯಾವ ಪುಸ್ತಕ ಓದಿದ್ದರೂ ನಾವು ತಿಳಿಯುತ್ತಿರಲಿಲ್ಲ.

ಕಡೆಯವರಿಗೆ ಮಲಗಲು ಒಂದು ಬೆಂಚು ಎಂದು ಅಲ್ಲೇ ತೀರ್ಮಾನವಾಯಿತು. ಆರಡಿ ಎರಡಿಂಚು ಉದ್ದ, ಎರಡೂಕಾಲು ಅಡಿ ಅಗಲ, ಗೋಡೆಗೆ ಕೂಡಿಕೊಂಡೇ ಕಟ್ಟಿದ್ದು. ಕೆಳಗೆ ಸಂದಿ ಇಲ್ಲದೆ ನೆಲದವರೆಗೆ ಮುಚ್ಚಿದ್ದು, ಏನನ್ನೂ ಅಡಗಿಸಲು ಆಗದಂತೆ. ಅಂಚುಗಳೆಲ್ಲ ಗುಂಡಗೆ. ಎಲ್ಲಿಡಬೇಕು ಎನ್ನುವಲ್ಲಿ ಮಾತ್ರ ನಮ್ಮ ಮೂವರಲ್ಲಿ ಜೋರು ವಾದ ನಡೆಯಿತು. ಸಹಪಾಠಿಯ ಪ್ರಕಾರ ಬಾಗಿಲ ಪಕ್ಕ. ರೋಗಿ ಎದ್ದು ಹೊರಟರೆ ಕಡೆಯವರಿಗೆ ಗೊತ್ತಾಗುತ್ತದೆ, ನರ್ಸಿಗೂ ಸಮಾಧಾನ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ನಾವು ನೋಡಿದ ಎಲ್ಲರೂ ಹೇಗೂ ಹಾಗೆಯೇ ಕಾಯುತ್ತಿದ್ದರು. ಗೆಳತಿಗೆ ಬೆಂಚು ಕಿಟಕಿಯ ಕೆಳಗೇ ಬೇಕು. ಅವಳು ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸ 1984ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ್ದಳು. ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಜನರಲ್ಲಿ ಅರ್ಧ ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದರ್ಧದ ಕಿಟಕಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ನೋವುಗುಳಿಗೆಯ ತೀವ್ರತೆಯೂ ಕಡಿಮೆಯಾಗಿತ್ತು. ರೋಗಿಗೆ ಕಿಟಕಿ ಎಂದರೆ ಕಡೆಯವರಿಗೂ ಕಿಟಕಿ ಎಂದು ಅವಳ ವಾದ.

ನಾನು ಅಜ್ಜಿಯ ಮುಂಗೈಗೆ ಸುತ್ತಿದ ಸೆರಗಿನ ವಿಷಯ ಅವರಿಗೆ ಹೇಳಿದ್ದು ಆಗಲೇ. ಹೇಳಿದ ಮೇಲೆ ನನಗೇ ಒಂದು ವಿಷಯ ಸ್ಪಷ್ಟವಾಯಿತು. ಅಜ್ಜಿ ಆ ಕೋಣೆಯಲ್ಲಿ ಮಾಡುತ್ತಿದ್ದದ್ದು ಕೋಣೆಯೇ ಮಾಡಬೇಕಾದ ಕೆಲಸ. ಕೀಲು, ಬಾಗಿಲು, ಕಿಟಕಿ, ದೀಪ, ನರ್ಸ್ ಕೂರುವ ಜಾಗ ಇವೆಲ್ಲ ಸರಿಯಾಗಿದ್ದರೆ ಎಪ್ಪತ್ತರ ಹೆಂಗಸು ರಾತ್ರಿಯಿಡೀ ಎಚ್ಚರ ಇರಬೇಕಿಲ್ಲ. ಮನೆಯವರು ಜೊತೆಗಿದ್ದಾರೆ ಎಂಬ ನೆಪದಲ್ಲಿ ಕಟ್ಟಡ ತನ್ನ ಹೊಣೆ ಇಳಿಸಿಕೊಳ್ಳಬಾರದು. ಕೋಣೆಯನ್ನು ನಾಲ್ಕನೆಯ ಹಂತದ ಕೋಣೆಯಂತೆಯೇ, ಒಬ್ಬರೇ ಇದ್ದಾರೆ ಎಂದುಕೊಂಡೇ ಕಟ್ಟಬೇಕು. ಆಮೇಲೆ ಎರಡನೆಯವರಿಗೆ ನಿದ್ದೆಗೆ ಜಾಗ ಕೊಡಬೇಕು. ಸಹಪಾಠಿ ಒಪ್ಪಿದ. ಬೆಂಚು ಕಿಟಕಿಯ ಕೆಳಗೆ ಹೋಯಿತು.

ಈ ಒಂದು ತೀರ್ಮಾನದಿಂದ ಉಳಿದ ನಕ್ಷೆ ಎಲ್ಲ ಬದಲಾಯಿತು. ಕಡೆಯವರು ನಿದ್ದೆ ಮಾಡುವುದಾದರೆ ನರ್ಸ್ ಎಲ್ಲ ಬಾಗಿಲನ್ನೂ ಕಾಣಬೇಕು. ಉದ್ದನೆಯ ಒಂದು ಕಾರಿಡಾರನ್ನು ಮುರಿದು ಎರಡು ಗಿಡ್ಡ ಕಾರಿಡಾರ್ ಮಾಡಿ, ಅವು ಸೇರುವ ಮೂಲೆಯಲ್ಲಿ ನರ್ಸಿಂಗ್ ಸ್ಟೇಷನ್ ಇಟ್ಟೆವು, ಗಾಜಿನ ಗೂಡಿನೊಳಗೆ ಅಲ್ಲ, ತೆರೆದ ಕೌಂಟರ್. ಉದ್ದನೆಯ ಕಾರಿಡಾರ್ ಬೇಡ ಎನ್ನಲು ಇನ್ನೊಂದು ಕಾರಣವನ್ನೂ ಮೇಡಂ ಕೊಟ್ಟರು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರೂ ಕಿಯೋ ಇಝುಮಿ ಎಂಬ ಆರ್ಕಿಟೆಕ್ಟರೂ ಜೊತೆಗೂಡಿ ಕೆಲಸ ಮಾಡಿದರು. ವಾರ್ಡು ಕಾಯಿಲೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಇಝುಮಿ ಆಸ್ಮಂಡರ ಸಂಶೋಧನೆಯ ಭಾಗವಾಗಿದ್ದ ಎಲ್‌ಎಸ್‌ಡಿ ಸೇವಿಸಿ ಹಳೆಯ ಆಸ್ಪತ್ರೆಯೊಳಗೆ ಓಡಾಡಿ ನೋಡಿದರು. ನಮಗೆ ಮಾಮೂಲಾಗಿ ಕಾಣುವ ಉದ್ದ ಓಣಿ ಅಂಥ ಕಣ್ಣಿಗೆ ಮುಗಿಯದ ಸುರಂಗವಾಗುತ್ತದೆ. ಯಾರ್ಕ್‌ಟನ್ ಊರಿನ ಮಾನಸಿಕ ಆಸ್ಪತ್ರೆಯನ್ನು ಅವರು ಈ ತಿಳಿವಳಿಕೆಯ ಮೇಲೆ ರೂಪಿಸಿದರು. ಇದನ್ನು ಕೇಳಿದ ಮೇಲೆ ನೆಲಕ್ಕೆ ನಾವು ಯೋಚಿಸಿದ್ದ ಕಪ್ಪು ಬಿಳುಪಿನ ಚೌಕದ ವಿನ್ಯಾಸವನ್ನು ಮಾತಿಲ್ಲದೆ ಕೈಬಿಟ್ಟೆವು. ಕಪ್ಪು ಚೌಕ ಕೆಲವರಿಗೆ ನೆಲದಲ್ಲಿರುವ ಗುಂಡಿಯಾಗಿ ಕಾಣಬಹುದು. ಮಿರುಗದ, ಒಂದೇ ಬಣ್ಣದ ವಿನೈಲ್ ಹಾಳೆ ಆರಿಸಿ, ಗೋಡೆಯ ಮೇಲೆ ಅದೇ ಹಾಳೆಯನ್ನು ನಾಲ್ಕಿಂಚು ಏರಿಸಿದೆವು.

ಕಾಯ್ದೆಯನ್ನೂ ಕೂತು ಓದಿದೆವು. ಡಿಸೈನ್ ವಿದ್ಯಾರ್ಥಿಗಳು ಕಾಯ್ದೆ ಓದುವುದು ಅಪರೂಪ. ಇದನ್ನು ಎಲ್ಲರೂ ಓದಬೇಕು ಎಂದು ಈಗಲೂ ಹೇಳುತ್ತೇನೆ. ಸುರಕ್ಷಿತವಾದ ಸ್ವಚ್ಛ ಪರಿಸರ, ಖಾಸಗಿತನ, ವಿರಾಮಕ್ಕೆ ಮನರಂಜನೆಗೆ ಅನುಕೂಲ, ಬಲವಂತವಾಗಿ ತಲೆ ಬೋಳಿಸದಿರುವುದು, ಇಷ್ಟವಿದ್ದರೆ ಯೂನಿಫಾರ್ಮ್ ಬಿಟ್ಟು ತಮ್ಮ ಸ್ವಂತ ಬಟ್ಟೆ ತೊಡುವುದು, ಇವೆಲ್ಲ ಅಲ್ಲಿ ರೋಗಿಯ ಹಕ್ಕುಗಳು. ಸರಪಳಿ ಹಾಕುವುದನ್ನು ಯಾವ ರೀತಿಯಲ್ಲೂ ಒಪ್ಪುವುದಿಲ್ಲ. ಸ್ವಂತ ಬಟ್ಟೆ ಎಂದ ಕೂಡಲೇ ನಮಗೆ ಕೆಲಸ ಬಂತು. ಬಟ್ಟೆ ಇಡಲು ಕಪಾಟು ಬೇಕು, ಆ ಕಪಾಟಿಗೆ ಹ್ಯಾಂಗರ್ ಕಂಬಿ ಇರುವಂತಿಲ್ಲ, ಕದ ಇರುವಂತಿಲ್ಲ, ಆದರೂ ಅದು ಅಂಗಡಿಯ ರ‍್ಯಾಕಿನಂತೆ ಕಾಣಬಾರದು. ಗೆಳತಿ ಅದಕ್ಕೆ ಗೋಡೆಯೊಳಗೆ ಅಡಗುವ ಇಳಿಜಾರು ತಲೆಯ ಮಾಡುಗಳನ್ನು ಬರೆದಳು. ನಮ್ಮ ಹಳೆಯ ಮನೆಗಳಲ್ಲಿ ದೀಪ ಇಡುವ ಮಾಡು ನೋಡಿದವರಿಗೆ ಅದು ಆಸ್ಪತ್ರೆಯ ಸಾಮಾನು ಎನ್ನಿಸುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸೀಲಿಂಗ್ ಫ್ಯಾನ್. ಅಮೆರಿಕದ ಪುಸ್ತಕದಲ್ಲಿ ಅದರ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿನ ಕೋಣೆಗಳು ಏಸಿಯವು. ನಮ್ಮಲ್ಲಿ ಫ್ಯಾನ್ ಇಲ್ಲದ ಕೋಣೆಯನ್ನು ಜನ ಕೋಣೆ ಎಂದೇ ಒಪ್ಪುವುದಿಲ್ಲ. ಇಂಥ ಘಟಕದಲ್ಲಿ ಅದು ಯಾಕೆ ಇರಬಾರದು ಎಂದು ನಾನು ಬಿಡಿಸಿ ಬರೆಯಬೇಕಿಲ್ಲ. 2023ರ ಆಗಸ್ಟಿನಲ್ಲಿ ರಾಜಸ್ಥಾನದ ಕೋಟಾದ ಹಾಸ್ಟೆಲುಗಳಿಗೆ ಸ್ಪ್ರಿಂಗ್ ಫ್ಯಾನ್ ಕಡ್ಡಾಯ ಮಾಡಿದಾಗ ದೇಶವೆಲ್ಲ ಈ ಬಗ್ಗೆ ಮಾತಾಡಿತು. ನಾವು ಅದಕ್ಕೂ ಮುಂಚೆ ಒಂದು ಸ್ಟುಡಿಯೊದಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದೆವು. ಪೂರ್ತಿ ಏಸಿ ಹಾಕಿದರೆ ಸರ್ಕಾರಿ ಆಸ್ಪತ್ರೆಗೆ ನಿಲುಕುವುದಿಲ್ಲ, ಕರೆಂಟು ಹೋದರೆ ಉಸಿರು ಕಟ್ಟುತ್ತದೆ. ಬೆಂಗಳೂರಿನ ಹವೆ ನಮ್ಮ ಕೈ ಹಿಡಿಯಿತು. ನಾಲ್ಕಿಂಚಿಗಿಂತ ಹೆಚ್ಚು ತೆರೆಯದ ಉದ್ದನೆಯ ಕಿಟಕಿಗಳು ಕೆಳಗೆ, ಸೂಜಿಯಂಥ ಸಣ್ಣ ತೂತಿನ ತಗಡು ಮುಚ್ಚಿದ ಗಾಳಿಕಿಂಡಿ ಮೇಲೆ, ಅದರಾಚೆ ಕಾರಿಡಾರಿನ ತಾರಸಿಯಲ್ಲಿ ಬಿಸಿಗಾಳಿ ಎಳೆದು ಹೊರಹಾಕುವ ಫ್ಯಾನು. ತಣ್ಣನೆಯ ಗಾಳಿ ಕೆಳಗಿಂದ ಬಂದು, ಬೆಂಚನ್ನೂ ಮಂಚವನ್ನೂ ಹಾದು ಮೇಲೆ ಹೋಗಬೇಕು. ಇದೇ ಘಟಕ ರಾಯಚೂರಿನಲ್ಲಿದ್ದರೆ ಈ ಉತ್ತರ ನಡೆಯುತ್ತಿರಲಿಲ್ಲ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದೆವು.

ಬಾಗಿಲುಗಳ ಹಾಳೆ ಸಿದ್ಧವಾಗುವಾಗ ಮೇಡಂ ಏರ್ವಾಡಿಯ ಸುದ್ದಿ ತೆಗೆದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಊರಿನ ಒಂದು ಖಾಸಗಿ ಆಶ್ರಮದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಸತ್ತರು. ಓಡಿಹೋಗದಿರಲಿ ಎಂದು ಕಟ್ಟಿದ್ದರು, ಓಡಬೇಕಾದಾಗ ಓಡಲು ಆಗಲಿಲ್ಲ. ಬೀಗ ಹಾಕುವ ಪ್ರತಿ ಬಾಗಿಲಿಗೂ ಬೆಂಕಿಯ ಅಲಾರಾಂ ಬಡಿದ ಕ್ಷಣ ತಾನೇ ಬಿಚ್ಚಿಕೊಳ್ಳುವ ವ್ಯವಸ್ಥೆ, ಅದು ಕೈಕೊಟ್ಟರೆ ನರ್ಸಿನ ಕೈಯಲ್ಲಿ ಒಂದೇ ಮಾಸ್ಟರ್ ಕೀ, ಹೊರಗೆ ಹೋಗಲು ಎರಡು ದಾರಿ. ಆ ಹಾಳೆಯಲ್ಲಿ ಚೆಂದ ಮಾಡುವುದಕ್ಕೆ ಏನೂ ಇರಲಿಲ್ಲ, ಆದರೆ ನಾನು ಬರೆದ ಹಾಳೆಗಳಲ್ಲಿ ಅದರಷ್ಟು ಎಚ್ಚರದಿಂದ ಬರೆದದ್ದು ಇನ್ನೊಂದಿಲ್ಲ.

ಸ್ಯಾಂಪಲ್ ಬೋರ್ಡಿಗಾಗಿ ಎಸ್‌ಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳನ್ನು ಸುತ್ತಿದೆವು. ನಡುವೆ ಸಣ್ಣ ಗೂಟವಿರುವ ಸ್ಟಾರ್ ಸ್ಕ್ರೂ, ಬಾಗಿಲಿನ ಉದ್ದಕ್ಕೂ ಕೂರುವ ಪಿಯಾನೊ ಹಿಂಜ್ ಕೇಳಿದಾಗ ಒಬ್ಬ ವಯಸ್ಸಾದ ಅಂಗಡಿಯವರು ಯಾಕೆ ಏನು ಎಂದು ವಿಚಾರಿಸಿದರು. ಹೇಳಿದ ಮೇಲೆ ಗಲ್ಲಾದಿಂದ ಎದ್ದು ಬಂದು, ತಮ್ಮ ಅಂಗಡಿಯಲ್ಲಿ ಇಲ್ಲದ ಕೀಲನ್ನು ಪಕ್ಕದ ಅಂಗಡಿಯಿಂದ ತರಿಸಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಈ ವಿಷಯದ ಕೆಲಸ ಮಾಡುವಾಗ ಇಂಥದ್ದು ಆಗುತ್ತಲೇ ಇತ್ತು. ವಿಷಯ ಹೇಳಿದೊಡನೆ ಜನ ಸ್ವಲ್ಪ ಸುಮ್ಮನಾಗುತ್ತಿದ್ದರು. ಆಮೇಲೆ ತಮ್ಮ ಮನೆಯ, ಪಕ್ಕದ ಮನೆಯ ಯಾರದೋ ಕಥೆ ಹೊರಬರುತ್ತಿತ್ತು. ಅತ್ತೆಯ ಕಥೆಯನ್ನು ನಾವು ಮನೆಯವರೆಲ್ಲ ಅಷ್ಟು ವರ್ಷ ಮುಚ್ಚಿಟ್ಟಿದ್ದೆವು. ಈ ಊರಿನ ಎಷ್ಟೋ ಮನೆಗಳೂ ಅದನ್ನೇ ಮಾಡಿದ್ದವು.

ತೀರ್ಪುಗಾರರಲ್ಲಿ ಇಬ್ಬರು ಆರ್ಕಿಟೆಕ್ಟರು, ಒಬ್ಬ ಮನೋವೈದ್ಯರು, ಮಾನಸಿಕ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯ ಸಿಸ್ಟರ್. ಆರ್ಕಿಟೆಕ್ಟರು ಗಾಳಿಯ ಬಗ್ಗೆ, ಖರ್ಚಿನ ಬಗ್ಗೆ ಕೇಳಿದರು. ಸಿಸ್ಟರ್ ನಮ್ಮ ಮಾದರಿ ಕೋಣೆಯ ಮೇಲೆ ಬಗ್ಗಿ ಬೆಂಚಿನ ಅಂಚಿಗೆ ಬೆರಳು ಓಡಿಸಿ, ‘ಇದರ ಕೆಳಗೆ ಯಾರಮ್ಮ ಗುಡಿಸ್ತಾರೆ?’ ಎಂದರು. ಕೆಳಗೆ ಎನ್ನುವುದೇ ಇಲ್ಲ ಮೇಡಂ ಎಂದೆ. ತಲೆಯಾಡಿಸಿದರು. ಕಷ್ಟದ ಪ್ರಶ್ನೆ ಬಂದದ್ದು ಡಾಕ್ಟರಿಂದ. ‘ಎಲ್ಲರಿಗೂ ಕಡೆಯವರು ಇರ್ತಾರಾ? ಇದ್ದವರೇ ಕಾಯಿಲೆಗೆ ಕಾರಣ ಆಗಿದ್ರೆ?’ ಎಂದು ಕೇಳಿದರು. ಗಂಡ ಹೊಡೆದು ಹೊಡೆದು ಕಾಯಿಲೆ ಬಿದ್ದವಳ ಪಕ್ಕದಲ್ಲಿ ರಾತ್ರಿ ಆ ಗಂಡನನ್ನೇ ಮಲಗಿಸುತ್ತೀರಾ ಎಂಬುದು ಅದರ ಅರ್ಥ. ಇಪ್ಪತ್ತರಲ್ಲಿ ನಾಲ್ಕು ಕೋಣೆಗಳಿಗೆ ನಾವು ಬೆಂಚು ಇಟ್ಟಿರಲಿಲ್ಲ. ಕಡೆಯವರಿಗೆ ಕಾರಿಡಾರಿನ ಆಚೆ ಬೇರೆಯೇ ಒಂದು ಹಾಲ್ ಕೊಟ್ಟಿದ್ದೆವು. ಜೊತೆಗೆ ಯಾರಿರಬೇಕು ಎಂದು ರೋಗಿಯೇ ಹೇಳುವಂತಾಗಬೇಕು ಎಂದು ಟಿಪ್ಪಣಿಯಲ್ಲಿ ಬರೆದಿದ್ದೆವು. ಗೆಳತಿ ಅದನ್ನೆಲ್ಲ ತೋರಿಸಿದಳು. ಡಾಕ್ಟರು ಆ ನಾಲ್ಕು ಕೋಣೆಗಳನ್ನು ನರ್ಸಿಂಗ್ ಸ್ಟೇಷನ್ನಿಗೆ ಇನ್ನೂ ಹತ್ತಿರ ತರಬಹುದಿತ್ತು ಎಂದರು. ಯಾರೂ ಇಲ್ಲದವರಿಗೆ ಮನುಷ್ಯರ ಸದ್ದು ಬೇಕು ಎಂಬ ಅವರ ಮಾತನ್ನು ನಾನು ಈಗಲೂ ನಕ್ಷೆ ಬರೆಯುವಾಗ ನೆನೆಯುತ್ತೇನೆ.

ಮೊದಲ ಬಹುಮಾನ ನಡುವೆ ಅಂಗಳವಿಟ್ಟು ಸುತ್ತ ಕೋಣೆಗಳನ್ನು ಜೋಡಿಸಿದ್ದ ಇನ್ನೊಂದು ಕಾಲೇಜಿನ ತಂಡಕ್ಕೆ ಹೋಯಿತು. ಅದು ನ್ಯಾಯವಾದ ತೀರ್ಪು, ಆ ಅಂಗಳದ ಬೆಳಕು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಎರಡನೆಯದು ನಮಗೆ ಬಂತು.

ಕಾಲೇಜು ಮುಗಿದ ಮೇಲೆ ಎಲ್ಲರಂತೆ ನಾನೂ ಫ್ಲ್ಯಾಟುಗಳ ಮಾಡ್ಯುಲರ್ ಕಿಚನ್, ಟಿವಿ ಯೂನಿಟ್, ದೇವರ ಮನೆ ಮಾಡಿಕೊಂಡಿದ್ದೆ. ಸ್ಪರ್ಧೆಯ ಹಾಳೆಗಳು ಮಂಚದ ಕೆಳಗಿದ್ದವು. ಕೋವಿಡ್ ಕಳೆದ ಮೇಲೆ ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಮನೋವೈದ್ಯರು, ನಮ್ಮ ಮೇಡಂ ಮೂಲಕ, ತಮ್ಮ ಸಣ್ಣ ನರ್ಸಿಂಗ್ ಹೋಮಿನ ಒಳಾಂಗಣ ಮಾಡಿಕೊಡುತ್ತೀರಾ ಎಂದು ಕೇಳಿದರು. ಹತ್ತು ಹಾಸಿಗೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಕ್ಲಿನಿಕ್‌ಗಳಿಗೆ ಹೋಗಿ ನೋಡಿ ಬರುತ್ತಿದ್ದವರು ಅವರು. ಹಳ್ಳಿಯಿಂದ ಬರುವ ಕಡೆಯವರ ಪಾಡು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಳೆಯ ಹಾಳೆ ತೆಗೆದು ಬೆಂಚಿನ ಚಿತ್ರ ತೋರಿಸಿದಾಗ ಎರಡು ನಿಮಿಷದಲ್ಲಿ ಒಪ್ಪಿದರು.

ಬೆಂಚು ಮಾಡಿದವರು ಅದೇ ಊರಿನ ಆಚಾರ್ರು. ಒಳಗೆ ಮರೀನ್ ಪ್ಲೈ, ಮೇಲೆ ಲ್ಯಾಮಿನೇಟ್, ಅಂಚಿಗೆ ಗುಂಡಗೆ ಉಜ್ಜಿದ ತೇಗದ ಪಟ್ಟಿ. ಕೆಳಗೆ ಪೂರ್ತಿ ಮುಚ್ಚುವುದು ಅವರಿಗೆ ಮೊದಲು ಸರಿಬರಲಿಲ್ಲ. ‘ಇಷ್ಟ್ ಜಾಗ ಖಾಲಿ ಹೊಕ್ಕೈತ್ರಿ ಮೇಡಮ್ಮಾರ, ಡ್ರಾವರ್ ಹಾಕೂಣು’ ಎಂದು ಹಟ ಹಿಡಿದರು. ಯಾಕೆ ಬೇಡ ಎಂದು ವಿವರಿಸಿದ ಮೇಲೆ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಲೆಯ ಕಡೆ ಬೆಂಚನ್ನು ಒಂದಿಂಚು ಏರಿಸಿ ದಿಂಬು ಇಲ್ಲದೆಯೂ ಮಲಗುವಂತೆ ಮಾಡಿಕೊಟ್ಟರು. ಬೆಂಚಿನ ಹಿಂದೆ ಗೋಡೆ ಇದೆ, ಬೆನ್ನು ಒರಗಿಸಲು ಬರುತ್ತದೆ. ನಾನು ಬರೆದ ಎತ್ತರ ಹದಿನೆಂಟು ಇಂಚು. ಮೊದಲ ನಾಲ್ಕು ಬೆಂಚು ಬಳಕೆಗೆ ಬಂದ ಮೇಲೆ ಅಲ್ಲಿನ ಸಿಸ್ಟರ್ ಫೋನ್ ಮಾಡಿ, ನೆಲದ ಮೇಲೆ ಕೂತು ಅಭ್ಯಾಸವಿರುವ ವಯಸ್ಸಾದ ಹೆಂಗಸರಿಗೆ ಕಾಲು ಜೋತುಬಿದ್ದು ನೋಯುತ್ತದೆ, ಸ್ವಲ್ಪ ಇಳಿಸಿ ಎಂದರು. ಉಳಿದವನ್ನು ಹದಿನೈದಕ್ಕೆ ಇಳಿಸಿದೆವು.

ಆ ಡಾಕ್ಟರು ಈಗ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದಾರೆ. ಕಡೆಯವರಿಗೆ ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಜಾಗವಿಲ್ಲ ಎಂಬುದು ಕೆಳಗಿನ ಮಹಡಿಯಲ್ಲಿ ಉಳಿದುಹೋದ ಸಮಸ್ಯೆ. ಹೆಂಗಸರು ರೋಗಿಯ ಬಚ್ಚಲನ್ನೇ ಬಳಸಬೇಕು, ಇಲ್ಲವೆ ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಬೇಕು. ಮೇಲಿನ ಮಹಡಿಯ ನಕ್ಷೆಯಲ್ಲಿ ಒಂದು ರೋಗಿಯ ಕೋಣೆ ಬಿಟ್ಟುಕೊಡಿ ಎಂದು ಕೇಳಿದೆ. ಒಂದು ಕೋಣೆ ಎಂದರೆ ತಿಂಗಳಿಗೆ ಎಷ್ಟು ಆದಾಯ ಎಂದು ಅವರು ಲೆಕ್ಕ ಹಾಕಿ ಹೇಳಿದರು, ನಾನು ಕೇಳಿಸಿಕೊಂಡೆ, ಮತ್ತೆ ಕೇಳಿದೆ. ಕೊನೆಗೆ ಒಪ್ಪಿದರು. ಆ ಜಾಗದಲ್ಲಿ ಎರಡು ಸ್ನಾನದ ಮನೆ, ಒಂದು ಒಗೆಯುವ ಕಲ್ಲು, ಬಿಸಿಲಿಗೆ ತೆರೆದ ಬಟ್ಟೆ ಒಣಗಿಸುವ ಕಟ್ಟೆ ಬರುತ್ತವೆ. ಕಟ್ಟೆಗೆ ಹೋಗುವ ಬಾಗಿಲಿನ ಬೀಗ ಸಿಸ್ಟರ್ ಹತ್ತಿರ ಇರುತ್ತದೆ. ಪ್ಲಂಬಿಂಗ್ ಕೆಲಸ ಶುರುವಾಗಿದೆ.